ಸೊರ್ ಎಂದು ಎಳೆದ ಉಸಿರು

ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಇಷ್ಟು ವರ್ಷ ನನ್ನ ಕೈಬಿಡದೆ ಉಳಿದದ್ದು ಟೇಬಲ್ ಮ್ಯಾನರ್ಸ್ ಒಂದೇ. ಸೂಪ್ ಕುಡಿಯುವಾಗ ಸದ್ದು ಬಂದರೆ ಸಿಸ್ಟರ್ ಚಮಚವನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಅಂಥವಳು ಮದುವೆಯಾಗಿ ಹುಕ್ಕೇರಿಗೆ ಬಂದರೆ, ಮನೆಮಂದಿಯೆಲ್ಲ ಕಪ್ಪಿನ ಚಹಾವನ್ನು ಬಸಿಗೆ, ಅಂದರೆ ಸಾಸರಿಗೆ, ಸುರಿದುಕೊಂಡು ಸೊರ್ ಎಂದು ಎಳೆಯುವವರೇ. ಎಲ್ಲರಿಗಿಂತ ಜೋರು ನನ್ನ ನಾದಿನಿಯದು. ಅವಳನ್ನು ಮೂಡಲಗಿಗೆ ಕೊಟ್ಟ ಮೇಲೆ ನಮ್ಮ ಸಂಜೆಗಳು ಕೊಂಚ ಪೀಸ್‌ಫುಲ್ ಆದವು.

ಹೋದ ಚಳಿಗಾಲ ನನಗೆ ನ್ಯುಮೋನಿಯಾ ಆಗಿ ಗೋಕಾಕದ ಆಸ್ಪತ್ರೆಯೊಂದರ ಐಸಿಯು ಸೇರಿದೆ. ನನ್ನ ಪಾಲಿನ ಉಸಿರನ್ನು ವೆಂಟಿಲೇಟರ್ ಆಡಿತು. ಎಚ್ಚರವಾದಾಗ ಗಂಟಲಿನಲ್ಲಿ ತೂತು, ತೂತಿಗೆ ಟ್ಯೂಬ್, ಮಾತು ಬಂದ್. ಶ್ವಾಸಕೋಶ ವಾಸಿಯಾಗಿದೆ, ಆದರೆ ಮಷಿನ್ನಿನ ಸುಖಕ್ಕೆ ಒಗ್ಗಿ ಉಸಿರೆಳೆಯುವ ಸ್ನಾಯುಗಳು ಸೊರಗಿವೆ ಎಂದರು ಡಾಕ್ಟರು. ಅವು ಗಟ್ಟಿಯಾಗದೆ ಮಷಿನ್ ತೆಗೆಯುವಂತಿಲ್ಲ. ಮಷಿನ್ ತೆಗೆಯದೆ ನನಗೆ ಮನೆಯಿಲ್ಲ.

ಫಿಜಿಯೋಥೆರಪಿಯ ಹುಡುಗಿ ಬಂದು ಮಷಿನ್ನನ್ನು ತುಸು ಹೊತ್ತು ಬಿಡಿಸಿ, ಟ್ಯೂಬಿಗೆ ಸೀಟಿಯಂಥದೊಂದು ಪ್ಲಾಸ್ಟಿಕ್ ಸಾಧನ ಸಿಕ್ಕಿಸಿದಳು. ಒಳಗೊಂದು ಸ್ಪ್ರಿಂಗ್ ಬಾಗಿಲು. ಜೋರಾಗಿ ಉಸಿರೆಳೆದರೆ ಮಾತ್ರ ತೆರೆಯುತ್ತದೆ.

“ಎಳೀರಿ ಅಜ್ಜಿ, ಜೋರ್ ಎಳೀರಿ!”

ಎಳೆದೆ. ಬಾಗಿಲು ಅಲುಗಲಿಲ್ಲ.

“ಮಲ್ಲಿಗಿ ಹೂವಿನ ವಾಸನಿ ನೋಡಾಕತ್ತೀರೇನ್ರಿ?”

ಮರುದಿನವೂ ಅದೇ ಗತಿ. ನನ್ನ ಉಳಿದ ಆಯುಷ್ಯವೆಲ್ಲ ಈ ಮಷಿನ್ನಿನ ಪಕ್ಕದಲ್ಲೇ ಎಂದುಕೊಂಡು ಕಣ್ಣು ತುಂಬಿದ ಹೊತ್ತಿಗೆ ಸರಿಯಾಗಿ ನಾದಿನಿ ಬಂದಳು. ಸೊಂಟಕ್ಕೆ ಕೈಕೊಟ್ಟು ನನ್ನ ಪ್ರಯತ್ನವನ್ನೊಮ್ಮೆ ನೋಡಿದಳು.

“ಇಕಿಗೆ ಎಳ್ಯಾಕ ಎಲ್ಲಿ ಬರ್ತೈತ್ರಿ? ಚಹಾ ಕುಡದ್ರ ಕಪ್ಪಿಗೂ ಗೊತ್ತಾಗೂದಿಲ್ಲ,” ಎಂದು ಹುಡುಗಿಗೆ ಹೇಳಿ ಅತ್ತಿಗೆಯಾದ ನನ್ನತ್ತ ತಿರುಗಿದಳು. “ವೈನಿ, ಇಲ್ನೋಡು.”

ಎರಡೂ ಅಂಗೈ ಸೇರಿಸಿ ಬಸಿ ಮಾಡಿಕೊಂಡು ತುಟಿಗೆ ಹಿಡಿದು ಎಳೆದಳು. ಸೊರ್ರ್ರ್! ನರ್ಸ್ ಓಡಿ ಬಂದಳು.

“ಏನ್ರಿ ಅದು ಸಪ್ಪಳ? ಇದು ಐಸಿಯು ಐತ್ರಿ!”

“ಚಹಾ ಕುಡ್ಯಾಕತ್ತೇನ್ರಿ.”

“ಚಹಾ ಎಲ್ಲೈತಿ?”

“ಅಂಗೈಯಾಗ ಐತ್ರಿ, ನಮ್ಮ ವೈನಿಗೆ ಕುಡ್ಯಾಕ ಕಲಿಸಾಕತ್ತೇನ್ರಿ.”

ಹೌ ವಲ್ಗರ್ ಎನ್ನಬೇಕೆಂದರೆ ದನಿಯಿಲ್ಲ. ಕಣ್ಣು ಮುಚ್ಚಿದೆ. ಕಾನ್ವೆಂಟಿನ ಸಿಸ್ಟರಿಗೆ ಮನಸ್ಸಿನಲ್ಲೇ ಸಾರಿ ಹೇಳಿ, ಕುದಿಯುವ ಚಹಾದ ಬಸಿಯೊಂದನ್ನು ಅಲ್ಲೇ ಎತ್ತಿ, ನಾಲಿಗೆ ಸುಡದ ಹಾಗೆ ಹೊಟ್ಟೆಯಿಂದ ಸೆಳೆದೆ. ಬಾಗಿಲು ಚಿಟ್ ಎಂದಿತು.

“ತೆರೀತ್ರಿ!” ಹುಡುಗಿ ಕುಣಿದಳು.

ಆಮೇಲೆ ನಾದಿನಿ ದಿನಾ ಮೂಡಲಗಿಯಿಂದ ಬಸ್ಸು ಹತ್ತಿ ಬರತೊಡಗಿದಳು. ಹುಡುಗಿ ಸ್ಪ್ರಿಂಗ್ ಬಿಗಿ ಮಾಡಿದಾಗಲೆಲ್ಲ, “ಇವತ್ತು ಭಾಳ ಸುಡು ಐತಿ, ತಡದು ಎಳಿ ವೈನಿ,” ಎನ್ನುವಳು. ಮಷಿನ್ ನನ್ನನ್ನು ಮೊದಲು ಬೆಳಗಿನ ಹೊತ್ತು ಬಿಟ್ಟಿತು, ಆಮೇಲೆ ಹಗಲಿಡೀ, ಕಡೆಗೊಂದು ದಿನ ಅದನ್ನು ತಳ್ಳಿಕೊಂಡೇ ಹೋದರು.

ಈಗ ಗಂಟಲಿನ ತೂತು ಮುಚ್ಚಿದೆ, ಹುಕ್ಕೇರಿಯ ಪಡಸಾಲೆಯಲ್ಲಿ ಮತ್ತೆ ಕಪ್ಪಿನಲ್ಲೇ, ಸದ್ದಿಲ್ಲದೆ ಕುಡಿಯುತ್ತೇನೆ. ಹ್ಯಾಬಿಟ್.

“ಉಪಕಾರ ಮರತಿ ನೋಡು,” ಎಂದು ಮೂದಲಿಸಿ, ತವರಿಗೆ ಬಂದ ನಾದಿನಿ ತನ್ನ ಬಸಿ ಎತ್ತುತ್ತಾಳೆ. ಅವಳು ಸೊರ್ ಎಂದಾಗಲೆಲ್ಲ, ನಾನು ಬೇಡವೆಂದರೂ, ನನ್ನ ಪಕ್ಕೆಲುಬುಗಳು ಅವಳ ಜೊತೆಗೇ ಮೇಲೇಳುತ್ತವೆ.