ಬಾನೆಟ್ ಮೇಲಿನ ಮೂರು ಗೆರೆ

ಕಳೆದ ವಾರ ಬಾಂದ್ರಾದ ಒಂದು ಅಂಗಡಿಯಲ್ಲಿ ನಿಂತು ನಾನು ಸ್ಪಂಜು ಹಿಚುಕುತ್ತಿದ್ದೆ.

ಪಾತ್ರೆ ತೊಳೆಯುವ ಸ್ಪಂಜಲ್ಲ. ಕಾರಿನ ಪೇಂಟಿಗೆ ಪಾಲಿಶ್ ಮಾಡುವ ಫೋಮ್ ಪ್ಯಾಡು. ದುಂಡಗೆ, ದಪ್ಪಗೆ, ನೋಡಿದರೆ ಸೆಟ್ ದೋಸೆಯ ಹಾಗಿರುತ್ತದೆ. ಅಂಗಡಿಯ ತುಂಬ ಗಂಡಸರು. ಬ್ರೇಕು, ಬೇರಿಂಗು, ಬ್ಯಾಟರಿ ಕೇಳಲು ಬಂದವರು ಕೇಳುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಅಂಗಡಿಯವನು ಮರ್ಯಾದೆಯಿಂದಲೇ ಹೇಳಿದ. "ಮಾಂಜೀ, ಡ್ರೈವರ್ ಕೋ ಭೇಜ್ ದೋ." ಅಮ್ಮಾ, ಡ್ರೈವರನ್ನು ಕಳಿಸಿ ಎಂದು.

ನನ್ನ ಸೊಸೆ ವಿದ್ಯಾ ಥಟ್ಟನೆ ಅಂದಳು. "ಡ್ರೈವರ್ ಭೀ ಯಹೀ ಹೈ, ಮಾಲಿಕ್ ಭೀ ಯಹೀ ಹೈ."

(ಡ್ರೈವರೂ ಇವರೇ ಎಂಬುದು ಅಪ್ಪಟ ಸುಳ್ಳು. ಮಾಲೀಕರೂ ಇವರೇ ಎಂಬುದು ಅರ್ಧ ನಿಜ.)

ಈ ಅಂಕಣವನ್ನು ನಾನು ಮೊಮ್ಮಕ್ಕಳಿಗೆಂದು ಬರೆಯುತ್ತೇನೆ. ನನ್ನ ಮೊಮ್ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ವಿದ್ಯಾ ಓದಿ ಹೇಳುತ್ತಾಳೆ. ನಿಮ್ಮ ಮನೆಯಲ್ಲೂ ಹೀಗೆಯೇ ನಡೆಯುತ್ತದೆ ಎಂದು ಕೇಳಿದ್ದೇನೆ. ಆದರೆ ಮಕ್ಕಳೇ, ನಾನು ಇದನ್ನು ಎಲ್ಲಿ ಕುಳಿತು ಬರೆಯುತ್ತೇನೆ ಎಂದು ಇದುವರೆಗೆ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಕಾರಿನ ಹಿಂದಿನ ಸೀಟಿನಲ್ಲಿ.

ನಗಬೇಡಿ. ದಹಿಸರಿನ ನಮ್ಮ ಮನೆ ಒಂದು ರೂಮು, ಒಂದು ಕಿಚನ್. ರೂಮಿನಲ್ಲಿ ಟೀವಿ ಕೂಗುತ್ತದೆ, ಕಿಚನ್ನಿನಲ್ಲಿ ಕುಕ್ಕರ್ ಕೂಗುತ್ತದೆ. ಹಳ್ಳಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಕಾಗದಕ್ಕಿಳಿಯಬೇಕಾದರೆ ನನಗೆ ಮೌನ ಬೇಕು. ನಿಮ್ಮ ತಾತ, ಅಂದರೆ ನನ್ನ ಯಜಮಾನರು, ತೀರಿಕೊಂಡ ಮೇಲೆ ಅವರ ಕಡುನೀಲಿ ಕಾರು ಬಿಲ್ಡಿಂಗಿನ ಕಂಪೌಂಡಿನಲ್ಲೇ ನಿಂತಿದೆ. ಒಂದು ದಿನ ಅದರೊಳಗೆ ಹೋಗಿ ಬಾಗಿಲೆಳೆದುಕೊಂಡೆ. ಬೊಂಬಾಯಿ ಹೊರಗೇ ಉಳಿಯಿತು. ಅಂದಿನಿಂದ ಅದು ನನ್ನ ಕೋಣೆ. ಇಷ್ಟು ದೊಡ್ಡ ಊರಿನಲ್ಲಿ ಬಾಗಿಲಿರುವ ಸ್ವಂತ ಕೋಣೆ ಎಷ್ಟು ಹೆಂಗಸರಿಗಿದೆ, ಹೇಳಿ?

ಆ ಕೋಣೆಗೆ ಈಗ ಕುತ್ತು ಬಂದಿತ್ತು.

ನಮ್ಮ ಬಿಲ್ಡಿಂಗಿಗೆ ಹೊಸದಾಗಿ ಬಣ್ಣ ಹೊಡೆಸಿದ್ದಾರೆ. ಸೊಸೈಟಿಯ ಸೆಕ್ರೆಟರಿ ಸಾವಂತರು ಬಂದು ಕಾರಿನ ಮುಂದೆ ನಿಂತರು. ಪೇಂಟು ಮಂಕಾಗಿತ್ತು. ಬಿಸಿಲು ಬಿದ್ದರೆ ಬಾನೆಟ್ಟಿನ ತುಂಬ ಜೇಡರಬಲೆಯಂಥ ಗೀರುಗಳು. "ಆಜೀ, ಹೇ ಭಂಗಾರ್ ಆತಾ ಕಾಢಾ" ಎಂದರು. ಭಂಗಾರ್ ಎಂದರೆ ಗುಜರಿ; ಈ ಗುಜರಿ ಸಾಮಾನನ್ನು ಇನ್ನು ತೆಗೆಯಿರಿ ಎಂದರ್ಥ. ಭಾನುವಾರದವರೆಗೆ ಗಡುವು.

ನಾಲ್ಕು ಜನರ ಮುಂದೆ ನನ್ನ ನಾಲಿಗೆ ಯಾವಾಗಲೂ ಒಳಗೇ ಕುಳಿತಿರುತ್ತದೆ. ವಿದ್ಯಾ ಕೇಳಿದಳು, ಕಾರು ಹೊಸದರಂತೆ ಹೊಳೆದರೆ? ಸಾವಂತರು ಹೊಟ್ಟೆ ಅಲುಗಿಸಿ ನಕ್ಕರು. ಹೊಳೆದರೆ ನಾನೇ ಬಂದು ಅದಕ್ಕೆ ತೆಂಗಿನಕಾಯಿ ಒಡೆಯುತ್ತೇನೆ ಎಂದರು.

ಮಗ ರಘು ಸಾವಂತರ ಪಕ್ಷ. "ಅಮ್ಮ, ಮಾರಿಬಿಡೋಣ. ನಿಂಗೆ ಬರೆಯೋಕೆ ಒಂದು ಒಳ್ಳೇ ಟೇಬಲ್ ತಂದ್ಕೊಡ್ತೀನಿ."

"ಎಲ್ಲಿಡ್ತೀಯೋ?"

ಅವನು ರೂಮನ್ನೊಮ್ಮೆ ನೋಡಿದ.

ಗೀರು ಬಂದದ್ದು ಹೇಗೆ? ಹೇಳಿದರೆ ತಾತನ ಮೇಲೆ ಚಾಡಿ ಹೇಳಿದಂತಾಗುತ್ತದೆ, ಆದರೂ ಹೇಳುತ್ತೇನೆ. ಪ್ರತಿ ಆಯುಧಪೂಜೆಗೂ ಅವರು ಬಾನೆಟ್ಟಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ನಡುವೆ ಕುಂಕುಮ. ಮರುದಿನ ಒಣಬಟ್ಟೆ ಹಿಡಿದು, ಭಕ್ತಿಯಿಂದ, ಗರಗರ ತಿಕ್ಕಿ ಒರೆಸುತ್ತಿದ್ದರು. ನಮ್ಮ ಮನೆಯ ವಿಭೂತಿ ಊರಿನಿಂದ ಬರುತ್ತಿದ್ದದ್ದು, ಒರಟು. ಒಣಬಟ್ಟೆಯಲ್ಲಿ ಅದು ಉಪ್ಪುಕಾಗದವೇ. ಒಣಗಿದ ಸ್ಲೇಟನ್ನು ಒಣಗೈಯಲ್ಲಿ ತಿಕ್ಕಬಾರದು ಎಂದು ನಮ್ಮ ಹಳ್ಳಿ ಮೇಷ್ಟರು ಕಿವಿ ಹಿಂಡಿ ಕಲಿಸಿದ್ದರು. ನಿಮ್ಮ ತಾತ ಬೆಂಗಳೂರಿನಲ್ಲಿ ಓದಿದವರು. ಅಲ್ಲಿ ಸ್ಲೇಟು ಇರಲಿಲ್ಲವೋ ಏನೋ.

ಹೀಗೆ ನಾನೂ ವಿದ್ಯಾಳೂ ಲೋಕಲ್ ರೈಲು ಹಿಡಿದು ಬಾಂದ್ರಾಕ್ಕೆ ಹೋದದ್ದು.

ಅಂಗಡಿಯವನು ಮೊದಲು ಉಣ್ಣೆಯ ಪ್ಯಾಡು ತೋರಿಸಿದ. ಆಮೇಲೆ ಫೋಮಿನದು, ಮೂರು ಬಗೆ. ಗಟ್ಟಿ, ಮಧ್ಯಮ, ಮೆತ್ತನೆಯದು. ಗಟ್ಟಿಯದನ್ನೇ ನನ್ನ ಕೈಗಿಟ್ಟ. "ಏಕ್ ಬಾರ್ ಮೇ ಸಬ್ ಸಾಫ್."

ಒಂದೇ ಸಲಕ್ಕೆ ಎಲ್ಲ ಸ್ವಚ್ಛ. ಕೇಳಲು ಚೆನ್ನಾಗಿದೆ. ಆದರೆ ಏನೇನು ಸ್ವಚ್ಛ?

ನಮ್ಮ ಹಳ್ಳಿಯ ಪಕ್ಕದ ಮನೆಯಲ್ಲಿ ಬೆಳ್ಳಿ ಮುಲಾಮಿನ ಹಿತ್ತಾಳೆ ದೀಪವಿತ್ತು. ಆ ಮನೆಗೆ ಬಂದ ಚುರುಕು ಸೊಸೆಯೊಬ್ಬಳು ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಅದನ್ನು ಒಂದೇ ಬೆಳಗ್ಗೆ ಸ್ವಚ್ಛ ಮಾಡಿದಳು. ಕಲೆಯೂ ಹೋಯಿತು, ಬೆಳ್ಳಿಯೂ ಹೋಯಿತು. ಕಾರಿನ ಪೇಂಟೂ ಮುಲಾಮೇ ಅಲ್ಲವೇ? ಅದರಡಿ ತಗಡು. ಹಳೆಯ ಪೇಂಟು ಎಷ್ಟು ತೆಳುವೋ ಬಲ್ಲವರು ಯಾರು?

ನಾನು ವಿದ್ಯಾಳ ಕಿವಿಯಲ್ಲಿ ಹೇಳಿದೆ, ಅವಳು ಅಂಗಡಿಯವನಿಗೆ ಹೇಳಿದಳು. ಅವನು ಹುಬ್ಬೇರಿಸಿ, ಹಳೆಯ ಪೇಂಟಾದರೆ ಮಾಂಜೀ ಹೇಳುವುದೂ ಸರಿಯೇ ಎಂದ. ಆಮೇಲೆ ಅವನೇ ಸ್ಟೂಲು ಹಾಕಿ ಕೂರಿಸಿದ. ನಾನು ಒಂದೊಂದಾಗಿ ಹಿಚುಕಿದೆ. ಒತ್ತಿ ಬಿಟ್ಟರೆ ನಾದಿದ ಕಣಕದಂತೆ ಮೆಲ್ಲಗೆ ಮೇಲೆದ್ದು ಬರಬೇಕು. ಬೆರಳಿಗೆ ಪುಡಿ ಉದುರಬಾರದು. ಪ್ಯಾಡಿನ ಹಿಂದಿನ ರಬ್ಬರ್ ತಟ್ಟೆಗಿಂತ ಫೋಮು ಸುತ್ತಲೂ ಬೆರಳಗಲ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ತಿರುಗುವಾಗ ತಟ್ಟೆಯ ಅಂಚೇ ಪೇಂಟಿಗೆ ತಾಗುತ್ತದೆ. ಒಂದು ಮಧ್ಯಮ, ಒಂದು ಮೆತ್ತನೆಯದು, ಜೊತೆಗೊಂದು ಡಬ್ಬಿ ಪಾಲಿಶ್ ಆರಿಸಿದೆ. ಗಟ್ಟಿಯದನ್ನು ಅವನಿಗೇ ಬಿಟ್ಟು ಬಂದೆ.

ಶನಿವಾರ ಬೆಳಗ್ಗೆ ಕಾರನ್ನು ನೀರು ಸುರಿದು ತೊಳೆದು, ಬಿಲ್ಡಿಂಗಿನ ನೆರಳಿಗೆ ತಳ್ಳಿಸಿದೆವು. ರಘುವಿನ ಡ್ರಿಲ್ ಮೆಶಿನ್ನಿಗೆ ಪ್ಯಾಡು ಸಿಕ್ಕಿಸಿದ್ದಾಯಿತು. ಮೆಶಿನ್ ಹಿಡಿದವಳು ವಿದ್ಯಾ. ಅವಳ ತವರು ಇಲ್ಲೇ ಬೊಂಬಾಯಿಯ ಭಾಂಡುಪ್, ಹಿರಿಯರು ಧಾರವಾಡದವರು. ಹೆದರಿಕೆ ಎಂಬ ಪದ ಅವರ ಕಡೆ ಇಲ್ಲ.

ಹಿಂದಿನ ಬಾಗಿಲಿನ ಕೆಳಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಮೊದಲು ಪಾಲಿಶ್ ಸವರಿದ ಮೆತ್ತನೆಯದನ್ನು ಓಡಿಸಿ ನೋಡಿದೆವು. ಹೊಳಪು ಬಂತು, ಬಲೆ ಹೋಗಲಿಲ್ಲ. ಮಧ್ಯಮದ್ದು ಹಾಕಿದೆವು. ಬಲೆ ಹೋಯಿತು, ತುಸು ಮಂಜು ಉಳಿಯಿತು. ಮತ್ತೆ ಮೆತ್ತನೆಯದು. ಅಷ್ಟರಲ್ಲಿ ಅಂಗೈಯಗಲದ ಆ ಜಾಗದಲ್ಲಿ ನನ್ನ ಮೂಗು ಕಾಣಿಸಿತು.

ಅಬ್ಬಾ, ನನ್ನ ಮೂಗು ಅಷ್ಟು ಚೆಂದ ಎಂದೂ ಕಂಡಿರಲಿಲ್ಲ.

ಆಮೇಲೆ ಇಡೀ ಕಾರು. ನಡುವೆ ಮೆತ್ತನೆಯ ಪ್ಯಾಡು ವಿದ್ಯಾಳ ಕೈಜಾರಿ ನೆಲಕ್ಕೆ ಬಿತ್ತು. ಅವಳು ಕೊಡವಿ ಮತ್ತೆ ಸಿಕ್ಕಿಸಲು ಹೊರಟಳು.

"ಅದು ಮೈಲಿಗೆ. ತೊಳೆದು ಒಣಗಿಸಿ ಆಮೇಲೆ."

"ಪ್ಯಾಡಿಗೂ ಮಡಿ ಏನ್ರೀ ಅತ್ತಿ? ನನಗ ಮಡಿ ಮಾಡಸ್ಲಿಲ್ಲ ನೀವು, ಇದಕ್ಕ ಮಾಡಸ್ತೀರಿ."

"ನೀನು ಬಿದ್ರೆ ಮರಳು ಅಂಟೋದಿಲ್ಲ. ಅದಕ್ಕೆ ಅಂಟುತ್ತೆ."

"ಹಂಗಾದ್ರ ಅದರ ಹಣೇಬಾರ ನನಕಿಂತ ಚಲೋ ಐತಿ ಬಿಡ್ರಿ" ಎನ್ನುತ್ತ ಬಕೆಟ್ಟಿನಲ್ಲಿ ಮುಳುಗಿಸಿದಳು. ಒಂದು ಮರಳಿನ ಕಣ ಸಾಕು, ಮಾಡಿದ್ದೆಲ್ಲ ಹಾಳಾಗಲು. ಎರಡು ಪ್ಯಾಡುಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟೆ. ಈರುಳ್ಳಿ ಸೌಟನ್ನು ಪಾಯಸಕ್ಕೆ ಹಾಕುತ್ತೇವೆಯೇ? ಅಷ್ಟೇ ಇದು. ಮಡಿಯನ್ನು ನಾನು ಎಂದೋ ಬಿಟ್ಟವಳು. ಅದು ಕೊನೆಗೆ ಕಾರು ತಿಕ್ಕುವಾಗ ಉಪಯೋಗಕ್ಕೆ ಬಂತು.

ಸಂಜೆಗೆ ಕೆಲಸ ಮುಗಿಯಿತು. ರಘು ಆಫೀಸಿನಿಂದ ಬಂದು ಬ್ಯಾಗು ಹೆಗಲಲ್ಲಿರುವಂತೆಯೇ ಕಾರನ್ನು ಒಂದು ಸುತ್ತು ಹಾಕಿದ. ಬಾನೆಟ್ಟಿನ ಮೇಲೆ ಬಾಗಿದ.

"ಅಮ್ಮ, ಇಲ್ಲಿ ಇನ್ನೂ ಮೂರು ಗೆರೆ ಇವೆ. ಸ್ವಲ್ಪ ಆಳ. ಗಟ್ಟಿ ಪ್ಯಾಡ್ ತಂದ್ರೆ ಹೋಗುತ್ತೆ. ನಾಳೆ ಬೆಳಗ್ಗೆ ಹೋಗಿ ತರ್ಲಾ?"

ಓರೆ ಬಿಸಿಲಿನಲ್ಲಿ ಮಾತ್ರ ಕಾಣುವ ಮೂರು ಗೆರೆ, ಸಮಾನಾಂತರ, ಬೆರಳಿನಷ್ಟೇ ಅಂತರ. ಪ್ರತಿ ವರ್ಷವೂ ಅದೇ ಜಾಗ, ಅದೇ ಕೈ.

"ಬೇಡ" ಎಂದೆ.

ಅವನು ಮೂರು ಬೆರಳು ಚಾಚಿ, ಪೇಂಟಿಗೆ ತಾಗಿಸದೆ, ಆ ಗೆರೆಗಳ ಮೇಲೆ ಹಿಡಿದು ನೋಡಿದ. ಆಮೇಲೆ ಬಕೆಟ್ಟು ಎತ್ತಿಕೊಂಡು ಒಳಗೆ ನಡೆದ.

ಭಾನುವಾರ ಸಾವಂತರು ಕಮಿಟಿಯವರನ್ನು ಕಟ್ಟಿಕೊಂಡು ಬಂದರು. ಕಾರಿನ ಹತ್ತಿರ ಬಂದಂತೆ ನಡಿಗೆ ನಿಧಾನವಾಯಿತು. ಬಾನೆಟ್ಟಿನಲ್ಲಿ ಹೊಸ ಬಣ್ಣದ ಬಿಲ್ಡಿಂಗು ತಲೆಕೆಳಗಾಗಿ ನಿಂತಿತ್ತು. ಅದರ ನಡುವೆ ಸಾವಂತರ ಮುಖ. ಅವರು ತಮಗೇ ಗೊತ್ತಿಲ್ಲದೆ ತಲೆಗೂದಲು ಸರಿಮಾಡಿಕೊಂಡರು.

ಯಾವ ಗ್ಯಾರೇಜು ಎಂದು ಕೇಳಿದರು. ವಿದ್ಯಾ ಬೆರಳು ತೋರಿಸಿದ್ದು ನನ್ನ ಕಡೆಗೆ.

ಮಾತಿಗೆ ತಪ್ಪುವವರಲ್ಲ ಸಾವಂತರು. ತೆಂಗಿನಕಾಯಿ ತರಿಸಿ, ಚಕ್ರದ ಮುಂದೆ ಒಡೆದರು. ಕಮಿಟಿಯವರು ಚಪ್ಪಾಳೆ ತಟ್ಟಿದರು. ಸಾವಂತರ ಹೆಂಡತಿ ಕುಂಕುಮದ ಬಟ್ಟಲು ಚಾಚಿದರು. ಸಾವಂತರು ಬೆರಳದ್ದಿ, ಕಣ್ಣು ಅರೆಮುಚ್ಚಿ, ಬಾನೆಟ್ಟಿನ ಕಡೆ ಕೈ ನೀಡಿದರು.

"ಹಾತ್ ಲಾವೂ ನಕಾ."

ಕೈ ಹಚ್ಚಬೇಡಿ. ಇಡೀ ಕಂಪೌಂಡಿಗೆ ಕೇಳುವಷ್ಟು ಜೋರು. ಯಾರ ದನಿ ಎಂದು ನಾನೂ ಒಮ್ಮೆ ಸುತ್ತ ನೋಡಿದೆ. ನನ್ನದೇ.

ಸಾವಂತರ ಬೆರಳು ಗಾಳಿಯಲ್ಲೇ ನಿಂತಿತು. ಬಾಯಿಂದ ಬಂದದ್ದನ್ನು ಇನ್ನೇನು ನುಂಗುವುದು ಎಂದು ಮುಂದುವರಿಸಿದೆ, ನನಗೆ ಬರುವ ಮುರುಕು ಮರಾಠಿಯಲ್ಲಿ. ಕುಂಕುಮ ಗಾಜಿಗೆ ಹಚ್ಚಿ, ಪೇಂಟಿಗಲ್ಲ. ಒರೆಸುವಾಗ ಒದ್ದೆ ಬಟ್ಟೆ.

ಸೊಸೈಟಿಯ ಸೆಕ್ರೆಟರಿ ಮೆಲ್ಲಗೆ ಪಕ್ಕಕ್ಕೆ ಸರಿದು ಗಾಜಿಗೆ ಕುಂಕುಮ ಹಚ್ಚಿದರು. "ಬರೋಬರ್ ಆಹೇ ನಾ, ಆಜೀ?" ಸರಿಯಾಗಿದೆಯಾ ಎಂದು ನನ್ನನ್ನೇ ಕೇಳಿದರು.

ಸರಿಯಾಗಿತ್ತು.

ಇದನ್ನು ಬರೆಯುತ್ತಿರುವುದು ಹಿಂದಿನ ಸೀಟಿನಲ್ಲೇ, ಬಾಗಿಲು ಎಳೆದುಕೊಂಡು. ಕಿಟಕಿಯಿಂದ ಪಕ್ಕದಲ್ಲಿ ನಿಂತಿರುವ ಸಾವಂತರ ಕಾರು ಕಾಣುತ್ತಿದೆ. ಮಂಕು ಬಾನೆಟ್ಟು, ಮೈತುಂಬ ಜೇಡರಬಲೆ.

ಭಂಗಾರ್ ಎಂಬ ಪದ ನನ್ನ ನಾಲಿಗೆಯ ತುದಿಯಲ್ಲಿದೆ ಮಕ್ಕಳೇ, ಹೇಳಿಬಿಡಲೇ?