ಎಡಗಡೆಯ ಹೊಡೆತ

ಟುಲ್ಲಿಯೊಗೆ ಎಡಗಣ್ಣು ಕಾಣುತ್ತಿಲ್ಲ ಎಂದು ಎರ್ಮಿನಿಯಾಗೆ ಗೊತ್ತಾದದ್ದು ಹರಿತವಾದ ಕತ್ತಿ ಹಿಡಿದು ಅವನೆದುರು ನಿಂತ ಮೇಲೆ. ಒಂದು ಗಳಿಗೆ ಮುಂಚೆ ಗೊತ್ತಾಗಿದ್ದರೂ ಅವಳು ಆ ಕತ್ತಿಯನ್ನು ಗೋಡೆಯಿಂದ ಇಳಿಸುತ್ತಲೇ ಇರಲಿಲ್ಲ.

ಕತ್ತಿ ಎತ್ತಿ ವಂದನೆ ಮಾಡುವಾಗ ಅವನು ಮುಖವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದ, ಕೋಳಿ ನೆಲದ ಮೇಲಿನ ಕಾಳನ್ನು ನೋಡುವ ಹಾಗೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವನ ಎದುರು ನಿಂತವಳು ಅವಳು. ಅವನ ಮೂಗು ಯಾವಾಗಲೂ ನೇರ ಅವಳ ಎದೆಯ ಕಡೆಗೇ ಇರುತ್ತಿತ್ತು. ಸುಮ್ಮನೆ ನೋಡೋಣವೆಂದು ಕತ್ತಿಯ ತುದಿಯನ್ನು ಅವನ ಎಡಗೆನ್ನೆಯ ಕಡೆಗೆ ಮೆಲ್ಲಗೆ ತೇಲಿಸಿದಳು. ಅವನ ರೆಪ್ಪೆ ಕೂಡ ಅಲುಗಲಿಲ್ಲ.



ಅವರಿಬ್ಬರ ಕತ್ತಿವರಸೆ ಶಾಲೆಯ ಸಭಾಂಗಣದಲ್ಲಿ ಗೋಡೆಯುದ್ದಕ್ಕೂ ಬೆಂಚುಗಳ ಮೇಲೆ ಜನ ಕೂತಿದ್ದರು. ಬೊಲೋನ್ಯಾದವರು, ಮೋದೆನಾದವರು, ಫೆರಾರಾದಿಂದ ಬೆಳಗಿನ ರೈಲಿಗೆ ಬಂದವರು. ಕೆಲವರ ತೊಡೆಯ ಮೇಲೆ ಎರ್ಮಿನಿಯಾ ಬರೆದ ಹೊಸ ಪುಸ್ತಕ ತೆರೆದಿತ್ತು. ವರ್ಷವೆಲ್ಲ ಮೊಂಡು ಕತ್ತಿ, ಮುಖಕ್ಕೆ ಜಾಲರಿಯ ಮುಸುಕು. ಶರತ್ಕಾಲದ ಈ ಒಂದು ದಿನ ಮಾತ್ರ ಗುರುಗಳಿಬ್ಬರೂ ಮುಸುಕಿಲ್ಲದೆ, ಹರಿತದ ಕತ್ತಿ ಹಿಡಿದು ತೋರಿಸುತ್ತಿದ್ದರು. ಮೊಂಡು ಅಂಚು ಜಾರುತ್ತದೆ, ಹರಿತದ ಅಂಚು ಒಂದನ್ನೊಂದು ಕಚ್ಚಿಕೊಳ್ಳುತ್ತದೆ. ಆ ಕಚ್ಚುವಿಕೆಯನ್ನು ಕಣ್ಣಾರೆ ನೋಡದವರಿಗೆ ಪುಸ್ತಕದ ಅರ್ಧ ಭಾಗ ಅರ್ಥವಾಗುವುದಿಲ್ಲ.

ಎರ್ಮಿನಿಯಾ ಹುಟ್ಟಾ ಕತ್ತಿ ಹಿಡಿದವಳೇನಲ್ಲ. ಚಪ್ಪಲಿ ಹೊಲಿಯುವವನ ಮಗಳು. ಹರೆಯದಲ್ಲಿ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಳು. ಅಲ್ಲಿಗೆ ಮರುಮುದ್ರಣಕ್ಕೆಂದು ಐನೂರು ವರ್ಷದ ಹಿಂದಿನ ಕತ್ತಿವರಸೆಯ ಪುಸ್ತಕವೊಂದು ಬಂತು. ತಿದ್ದುತ್ತಾ ತಿದ್ದುತ್ತಾ, ಬಲಗಾಲು ಅಲ್ಲಿಟ್ಟು ಕೈ ಹೀಗೆ ಹೊರಳಿಸಿದರೆ ನಿಜಕ್ಕೂ ಏನಾಗುತ್ತದೆ ಎಂದು ಕುತೂಹಲ ಹುಟ್ಟಿ, ಅಡುಗೆಮನೆಯಲ್ಲಿ ಪೊರಕೆ ಬೀಸಿ ದೀಪ ಒಡೆದಳು. ಒಬ್ಬಳಿಂದ ಆಗುವ ಕೆಲಸವಲ್ಲ ಅದು ಎಂದು ಆಗ ತಿಳಿಯಿತು. ಬಸ್ಸುಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಟುಲ್ಲಿಯೊ ಸಿಕ್ಕಿದ್ದು ಆಮೇಲೆ. ಅವಳು ಓದಿ ಹೇಳುವಳು, ಅವನು ಮಾಡಿ ನೋಡಿ ಬೈಯುವನು, ಅವಳು ಬರೆಯುವಳು. ಸಂಜೆಯ ಪಾಠ, ಒಂದೊಂದಾಗಿ ಪುಸ್ತಕ, ಎರಡೂ ಸೇರಿ ಇಬ್ಬರ ಬದುಕು ನಡೆಯುತ್ತಿತ್ತು. ಗಂಡ ಹೆಂಡತಿ ಎಂದುಕೊಂಡು ಯಾರಾದರೂ ಕೇಳಿದರೆ ಟುಲ್ಲಿಯೊ, "ಅಯ್ಯೋ, ಮದುವೆ ಆಗಿದ್ರೆ ಎಂದೋ ಮಾತು ಬಿಡ್ತಿದ್ವಿ," ಎನ್ನುತ್ತಿದ್ದ.

ಅವರ ಶಾಲೆಯಲ್ಲಿ ಮೊದಲ ಪಾಠ ಒಂದೇ. ಎದುರಿನವನು ತಡೆಯದಿದ್ದರೆ ನಿನ್ನ ಹೊಡೆತ ತಾಗಲೇಬೇಕು. ಗೆಳೆಯ ಪಾಪ ಎಂದು ನಾಲ್ಕು ಬೆರಳು ದೂರದಲ್ಲಿ ಬೀಸಿದರೆ ಅವನು ಗಾಳಿಯನ್ನು ತಡೆಯುವುದನ್ನು ಕಲಿಯುತ್ತಾನೆ, ಮುಂದೆಂದೋ ಪೆಟ್ಟು ತಿನ್ನುತ್ತಾನೆ. ಅಂಥ ಹೊಡೆತಕ್ಕೆ ಟುಲ್ಲಿಯೊ ಕೂಗುತ್ತಿದ್ದುದು ಒಂದೇ ಮಾತು: "ಸುಳ್ಳು!"

ಈಗ ಅವಳು ತೋರಿಸಬೇಕಾಗಿದ್ದ ವರಸೆ ಎದುರಾಳಿಯ ಎಡಗೆನ್ನೆಗೆ ಬೀಸುವ ಹೊಡೆತದಿಂದಲೇ ಶುರುವಾಗುತ್ತಿತ್ತು.

"ಟುಲ್ಲಿಯೊ, ನನ್ನ ಭುಜ ಯಾಕೋ ಹಿಡ್ಕೊಂಡಿದೆ. ಇವತ್ತು ಮೊಂಡು ಕತ್ತೀಲೇ ಮಾಡೋಣ."

"ಹಿಡ್ಕೊಂಡಿದೆಯಾ? ಬೆಳಿಗ್ಗೆ ಈ ಬೆಂಚುಗಳನ್ನೆಲ್ಲ ಎಳೆದು ಹಾಕಿದ್ದು ಯಾರು, ನಿಮ್ಮಜ್ಜೀನಾ?"

ಬೆಂಚುಗಳಲ್ಲಿ ನಗು ಎದ್ದಿತು. ಅವನು ಕಾಲು ಊರಿ ನಿಂತ.

ಅವಳು ಬೇರೆ ದಾರಿ ಕಾಣದೆ ಕೈ ತಿರುಗಿಸಿ ಅವನ ಬಲಗೆನ್ನೆಗೆ ಬೀಸಿದಳು. ಠಣ್ಣೆಂದು ತಡೆದ. ಮತ್ತೆ ಬಲಕ್ಕೇ. ಮತ್ತೆ ತಡೆದ, ಅಂಚು ಅಂಚನ್ನು ಕಚ್ಚಿ ನಿಂತಿತು. ಜನ ತಲೆದೂಗಿದರು. ಇದರಲ್ಲೇ ಮುಗಿಸಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಫೆರಾರಾದ ಕಟುಕ ಸಾಂಟೆ ಎದ್ದು ನಿಂತ.

"ಮೇಷ್ಟ್ರಮ್ಮಾ, ಪುಸ್ತಕದಲ್ಲಿ ಎಡಗೆನ್ನೆ ಅಂತ ಬರ್ದಿದೀರಲ್ಲ! ನಾವು ನಿದ್ದೆ ಕೆಡಿಸ್ಕೊಂಡು ಬಂದಿದ್ದು ಅದಕ್ಕೇ."

"ನೀನು ಹಂದಿ ಕೊಯ್ಯುವಾಗ ನಾನು ಬಂದು ಹೇಳ್ಕೊಡ್ತೀನಾ? ಕೂತ್ಕೋ."

ಎಲ್ಲರೂ ನಕ್ಕರು. ಟುಲ್ಲಿಯೊ ನಗಲಿಲ್ಲ. "ಅವನು ಕೇಳಿದ್ದು ಸರಿಯಾಗೇ ಇದೆ," ಎಂದ.

ಎರ್ಮಿನಿಯಾ ಎಡಕ್ಕೆ ಬೀಸಿದಳು, ಬರೀ ಕೈಯಿಂದ, ಒಂದು ಗೇಣು ದೂರದಲ್ಲಿ. ಅವಳ ಕತ್ತಿ ಗಾಳಿಯಲ್ಲಿ ಹಾದುಹೋದ ಮೇಲೆ ಅವನ ಕತ್ತಿ ಬಂತು. ಉಕ್ಕು ಉಕ್ಕನ್ನು ಮುಟ್ಟಲಿಲ್ಲ.

"ಸುಳ್ಳು," ಎಂದ ಅವನು, ಅವಳಿಗೆ ಮಾತ್ರ ಕೇಳಿಸುವಂತೆ.

ಅವಳು ಹತ್ತಿರ ಸರಿದು ತುಟಿ ಅಲುಗಿಸದೆ ಕೇಳಿದಳು, "ನಿನಗೆ ಆ ಕಣ್ಣು ಕಾಣಲ್ಲ ಅಲ್ವಾ?"

"ಹೊಡಿ."

"ಹೊಡೆಯಲ್ಲ."

"ಇಷ್ಟು ಜನರ ಮುಂದೆ ನನ್ನ ಮಾನ ತೆಗೀಬೇಡ, ಎರ್ಮಿ."

"ನಿನ್ನ ಕಿವಿ ತೆಗೆಯೋದಕ್ಕಿಂತ ಮಾನ ತೆಗೆಯೋದೇ ವಾಸಿ."

"ಬೇಸಿಗೆಯೆಲ್ಲ ತಡ್ದಿದೀನಿ. ನಿನಗೆ ತಿಳೀತಾ? ನೀನು ಎಡಕ್ಕೆ ಬೀಸೋ ಮುಂಚೆ ನಿನ್ನ ಸೊಂಟ ಹೊರಳುತ್ತೆ. ಅದನ್ನ ನೋಡ್ಕೊಂಡೇ ಕತ್ತಿ ಎತ್ತುತೀನಿ. ಹೊಡಿ, ನಾನು ತಡೀತೀನಿ."

ಬೆಂಚಿನಲ್ಲಿ ಯಾರೋ ಪುಸ್ತಕ ಮುಚ್ಚಿದರು. ಅವನು ಹೇಳಿದ್ದು ನಿಜವೇ ಇರಬೇಕು; ಬೇಸಿಗೆಯಲ್ಲಿ ಅವಳ ಒಂದು ಹೊಡೆತವೂ ಅವನ ಮುಸುಕಿಗೆ ತಾಗಿರಲಿಲ್ಲ. ಈಗ ಕತ್ತಿ ಕೆಳಗಿಟ್ಟರೆ ಅವನು ಈ ಬಾಗಿಲಿಗೆ ಮತ್ತೆ ಬರುವುದಿಲ್ಲ, ಅಷ್ಟು ಅವಳಿಗೆ ಗೊತ್ತಿತ್ತು. ಬೀಸಿದರೆ ತನ್ನ ಕತ್ತಿಗೂ ಅವನ ಕೆನ್ನೆಗೂ ನಡುವೆ ಇರುವುದು ಅವಳ ಸೊಂಟವೊಂದೇ.

ಅವಳು ಉಸಿರು ಬಿಟ್ಟು ಬೀಸಿದಳು, ನಿಜವಾದ ದೂರಕ್ಕೆ.

ಬೀಸಿದ ಮೇಲೆ ತಿಳಿಯಿತು. ಭಯಕ್ಕೆ ಅವಳ ಮೈ ಮರಗಟ್ಟಿತ್ತು. ಸೊಂಟ ಹೊರಳಿರಲಿಲ್ಲ, ಬರೀ ತೋಳು ಹೋಗಿತ್ತು. ಟುಲ್ಲಿಯೊ ಇನ್ನೂ ಕಾಯುತ್ತಿದ್ದ. ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಮಣಿಕಟ್ಟಿಗೆ ತಂದು ಎಳೆದು ಹಿಡಿದಳು. ಭುಜ ಕಿತ್ತು ಬಂದಂತಾಯಿತು. ಕತ್ತಿ ನಿಂತಿತು.



ಅವಳ ಮುಖ ನೋಡಿ ಟುಲ್ಲಿಯೊಗೆ ಏನೋ ಆಗಿದೆ ಎಂದು ಗೊತ್ತಾಯಿತು. ತಲೆ ಅಲ್ಲಾಡಿಸದೆ ಕೇಳಿದ, "ಎಲ್ಲಿದೆ?"

"ಕಿವಿ ಹತ್ರ."

"ಎಷ್ಟು ಹತ್ರ?"

ಅವಳು ಕತ್ತಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದಳು. ಅವನ ಕಿವಿಯ ಮೇಲಿನ ನರೆಗೂದಲಿನ ಎಳೆಗಳು ಒಂದೆರಡು ಭುಜದ ಮೇಲೆ ಉದುರಿದವು. ಅವನು ಬೆರಳಿನಿಂದ ಅವನ್ನು ತೆಗೆದು ನೋಡಿದ. ಆಮೇಲೆ ಬೆಂಚುಗಳ ಕಡೆ ತಿರುಗಿದ.

"ಎಡಗಣ್ಣು ಹೋಗಿದೆ," ಎಂದ. "ವಸಂತದಲ್ಲೇ ಹೋಯ್ತು. ಇವಳಿಗೆ ನಾನು ಹೇಳಿರಲಿಲ್ಲ."

"ಯಾಕೆ ಹೇಳ್ಲಿಲ್ಲ?" ಎರ್ಮಿನಿಯಾಳ ದನಿ ಸಭಾಂಗಣದ ತುಂಬ ಕೇಳಿಸಿತು. "ಕತ್ತೆ ಮುದುಕ, ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮೆತ್ತಗೆ ಹೊಡೀತಿದ್ದೆ."

"ಹೌದು, ಹೊಡೀತಿದ್ದೆ!"

"ಅದಕ್ಕೇ."

ಅವಳು ಅವನ ಕೈಯಿಂದ ಕತ್ತಿ ಕಿತ್ತುಕೊಂಡು ಎರಡನ್ನೂ ಗೋಡೆಗೆ ತೂಗುಹಾಕಿದಳು. ಮರಳಿ ಬಂದಾಗ ಅವಳ ಕೈಯಲ್ಲಿ ಮೊಂಡು ಕತ್ತಿಗಳಿದ್ದವು, ಎರಡು ಮುಸುಕುಗಳಿದ್ದವು. ಒಂದು ಮುಸುಕನ್ನು ಅವನ ಎದೆಗೆ ಒತ್ತಿದಳು.

ಸಾಂಟೆ ಗಂಟಲು ಸರಿಮಾಡಿಕೊಂಡ. "ಮೇಷ್ಟ್ರೇ, ನಾವು ಬೇಕಾದ್ರೆ ಒಂಚೂರು ಹೊರಗೆ ಹೋಗಿ ಕಾಫಿ..."

"ನೋಡೋಕೆ ಬಂದಿದೀಯಲ್ಲ, ನೋಡು," ಎಂದ ಟುಲ್ಲಿಯೊ. ಮುಸುಕನ್ನು ಒಮ್ಮೆ ತಿರುಗಿಸಿ ನೋಡಿ ಹಾಕಿಕೊಂಡ.

ಅವಳು ಎಡಕ್ಕೆ ಬೀಸಿದಳು, ಸುಳಿವು ಸಿಗದಂತೆ ಸೊಂಟವನ್ನು ಬೇಕೆಂದೇ ಬಿಗಿಹಿಡಿದು. ಧಡ್ಡೆಂದು ಮುಸುಕಿಗೆ ತಾಗಿತು. ಮುಂದಿನ ಬೆಂಚಿನವರು ಮುಖ ಕಿವುಚಿದರು.

"ಇನ್ನೊಂದು," ಎಂದ.

ಅದೂ ತಾಗಿತು. ಅವನು ಕಾಲು ಬದಲಿಸಿ ನಿಂತ, ಹೊಸಬರು ನಿಲ್ಲುವಷ್ಟು ಅಡ್ಡಾದಿಡ್ಡಿಯಾಗಿ. ಮತ್ತೆ ತಾಗಿತು. ಈ ಸಲ ಅವನು ಮೈಯನ್ನೇ ಪೂರ್ತಿ ಎಡಕ್ಕೆ ಹೊರಳಿಸಿ, ಒಳ್ಳೆಯ ಕಣ್ಣನ್ನು ಅವಳ ಕೈಯ ನೇರಕ್ಕೆ ತಂದುಕೊಂಡ. ಅವಳು ಬೀಸಿದಾಗ ಅವನ ಕತ್ತಿ ತಡವಾಗಿ ಬಂದು ಅವಳ ಕತ್ತಿಯ ತುದಿಯನ್ನಷ್ಟೇ ಸವರಿತು. ಹೊಡೆತ ಜಾರಿ ಭುಜಕ್ಕೆ ಬಿತ್ತು.

"ಅದು ತಡೆ ಅಲ್ಲ," ಎಂದಳು ಎರ್ಮಿನಿಯಾ.

"ಅಲ್ಲ, ಗೊತ್ತು," ಎಂದ ಅವನು ಭುಜ ತಿಕ್ಕಿಕೊಳ್ಳುತ್ತಾ. "ಹೊಡಿ."

ಅವಳು ಹೊಡೆದಳು.