ಓಯ್ವನ ಮೋಟಾರು ಸೌನಾಕ್ಕೆ ಹೋದ ಗುರುವಾರ

ಓಯ್ವ ಕರ್ವಿನೆನ್‌ಗೆ ಎಪ್ಪತ್ತೊಂದು ವರ್ಷ. ಮೂವತ್ತನಾಲ್ಕು ಚಳಿಗಾಲ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಅಷ್ಟು ವರ್ಷಗಳಲ್ಲಿ ಅವಸರ ಮಾಡಿದ್ದು ಒಂದೇ ಸಲ. ಅಂದು ಹಿಮದ ಜೊತೆ ಹಾರಿದ ಪಾದ್ರಿಯ ಅಂಚೆಡಬ್ಬಿ ಹೊಲದ ಆಚೆ ಸಿಕ್ಕಿತು.

ಹಾಪಲಹ್ತಿ ಸರೋವರದ ದಡದಲ್ಲಿ ಪ್ರತಿ ಅಕ್ಟೋಬರ್‌ನಲ್ಲೂ ಒಂದು ಸ್ಪರ್ಧೆ ನಡೆಯುತ್ತದೆ. ಅದನ್ನು ಯಾರೂ ಸ್ಪರ್ಧೆ ಎನ್ನುವುದಿಲ್ಲ. ನೀರು ಹೆಪ್ಪುಗಟ್ಟುವ ಮೊದಲು ಎಲ್ಲರೂ ದೋಣಿಯ ಮೋಟಾರು ಕಳಚಿ ಒಳಗಿಡಬೇಕು. ಮೊದಲು ಕಳಚಿದವನಿಗೆ ವಯಸ್ಸಾಯಿತು ಎಂದು ಅರ್ಥ. ಅಂಗಡಿಯ ಕಾಫಿ ಮೇಜಿಗೆ ಎರಡು ಕುರ್ಚಿ: ಒಂದು ಒಲೆಯ ಪಕ್ಕ, ಇನ್ನೊಂದು ಬಾಗಿಲ ಪಕ್ಕ. ಓಯ್ವ ಮತ್ತು ಎದುರು ದಡದ ರೇಯ್ನೊ, ಇಬ್ಬರಲ್ಲಿ ಮೊದಲು ಕಳಚಿದವನು ವಸಂತದವರೆಗೆ ಬಾಗಿಲ ಪಕ್ಕ ಕೂರಬೇಕು. ಓಯ್ವ ಸತತ ನಾಲ್ಕು ಚಳಿಗಾಲ ಅಲ್ಲಿ ಕೂತಿದ್ದ. ಈ ಸಲ ಒಲೆಯ ಪಕ್ಕದ ಕುರ್ಚಿ ತನ್ನದೇ ಎಂದು ತೀರ್ಮಾನಿಸಿದ್ದ.

ಆದರೆ ಶುಕ್ರವಾರ ರಾತ್ರಿ ಮೈನಸ್ ಹನ್ನೆರಡು ಎಂದು ರೇಡಿಯೊ ಹೇಳಿತು. ಮೋಟಾರಿನ ಹೊಟ್ಟೆಯಲ್ಲಿ ನಿಂತ ನೀರು ಗಡ್ಡೆ ಕಟ್ಟಿದರೆ ಲೋಹ ಬಿರಿಯುತ್ತದೆ. ಗುರುವಾರ ಬೆಳಗ್ಗೆ ಓಯ್ವ ದುರ್ಬೀನು ಹಿಡಿದು ಎದುರು ದಡ ನೋಡಿದ. ರೇಯ್ನೊನ ದೋಣಿಯ ಹಿಂದೆ ಟಾರ್ಪಾಲು ಹೊದ್ದ ಗುಡ್ಡೆ ಹಾಗೇ ಇತ್ತು.

"ಅವನು ಇನ್ನೂ ತೆಗೆದಿಲ್ಲ."

"ಅವನ ಮೋಟಾರು ಅವನ ತಲೆನೋವು," ಎಂದಳು ಹೆಂಡತಿ ಹಿಲ್ಕಾ. "ನಿಂದು ಒಡೆದ್ರೆ ಬೇಸಿಗೇಲಿ ಹುಟ್ಟು ಹಾಕೋದು ಯಾರು? ನಾನಾ?"

ಅವಳು ಕಂಬಳಿ ನೇಯಲು ಊರಿನ ಸಭಾಂಗಣಕ್ಕೆ ಹೊರಟ ಕೂಡಲೇ ಓಯ್ವ ಮೋಟಾರು ಕಳಚಿದ. ಆ ಜಾಗದಲ್ಲಿ ಹಾಲಿನ ಕ್ಯಾನು ಕಟ್ಟಿ ಟಾರ್ಪಾಲು ಹೊದಿಸಿದ. ದೂರದಿಂದ ನೋಡಿದರೆ ಮೋಟಾರೇ.

ಕಳಚಿದರೆ ಕೆಲಸ ಮುಗಿಯುವುದಿಲ್ಲ. ಮೋಟಾರಿನ ಕಾಲನ್ನು, ಅಂದರೆ ಪ್ರೊಪೆಲರ್ ಇರುವ ಕೆಳಭಾಗವನ್ನು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಓಡಿಸಬೇಕು. ಬಿಸಿಯಾದ ಮೇಲೆ, ಓಡುತ್ತಿರುವಾಗಲೇ, ಗಾಳಿ ಎಳೆಯುವ ಬಾಯಿಗೆ ಎಣ್ಣೆ ಸಿಂಪಡಿಸಬೇಕು. ಅದು ಕೆಮ್ಮಿ ನಿಂತಾಗ ಒಳಗೆಲ್ಲ ಎಣ್ಣೆ ಸವರಿಕೊಂಡಿರುತ್ತದೆ, ತುಕ್ಕು ಹತ್ತುವುದಿಲ್ಲ. ಮೂರು ವರ್ಷದ ಹಿಂದೆ ಓಯ್ವ ಇದನ್ನು ಬಿಟ್ಟಿದ್ದ. ಮರುವರ್ಷ ಜೂನ್ ಕೊನೆಯವರೆಗೂ ಹುಟ್ಟು ಹಾಕಿದ. ಈಗಿನ ತೊಂದರೆ ಸದ್ದಿನದು. ಗಾಳಿಯಿಲ್ಲದ ದಿನ ಮೋಟಾರಿನ ಸದ್ದು ನಾನೂರು ಮೀಟರ್ ನೀರು ದಾಟುತ್ತದೆ. ಸಹಾಯ ಕೇಳಿದರೆ ರೇಯ್ನೊಗೆ ಕಿವಿ ಮಂದ, ಮೋಟಾರಿಗೆ ಅಲ್ಲ.

ಶನಿವಾರ ಮಾತ್ರ ಕಾಯಿಸುವ ಸೌನಾದ, ಅಂದರೆ ಅಂಗಳದ ಹಬೆಸ್ನಾನದ ಮನೆಯ, ಗೋಡೆ ದಪ್ಪ ದಿಮ್ಮಿಯದು. ಒಳಗೆ ಸ್ನಾನದ ತೊಟ್ಟಿ ಬೇರೆ ಇದೆ. ಓಯ್ವ ಮೋಟಾರನ್ನು ಕೂರುವ ಹಲಗೆಗಳಲ್ಲಿ ಕೆಳಗಿನದಕ್ಕೆ ಬಿಗಿದ, ಕಾಲನ್ನು ತೊಟ್ಟಿಗೆ ಇಳಿಬಿಟ್ಟ, ಹಗ್ಗ ಎಳೆದ. ಐದನೇ ಎಳೆತಕ್ಕೆ ಹತ್ತಿಕೊಂಡಿತು. ಬಾಗಿಲು ಮುಚ್ಚಿ ಹೊರಗೆ ನಿಂತ. ಹತ್ತು ನಿಮಿಷದ ಮೇಲೆ ಉಸಿರು ಬಿಗಿಹಿಡಿದು ಒಳಗೆ ಹೋದ. ಎಣ್ಣೆ ಡಬ್ಬಿಯ ಮೇಲೆ ಕೆಲವು ಸೆಕೆಂಡು ಸಾಕು ಎಂದು ಬರೆದಿತ್ತು. ಓಯ್ವ, ಇರಲಿ ಎಂದು, ಡಬ್ಬಿ ಪೂರ್ತಿ ಖಾಲಿ ಮಾಡಿ ಓಡಿಬಂದ.

ಗಾಳಿಕಿಂಡಿಯಿಂದ ಬೆಳ್ಳಗಿನ ಹೊಗೆ ಎದ್ದಿತು. ಆಮೇಲೆ ಬಾಗಿಲ ಸಂದಿಯಿಂದ, ಕೊನೆಗೆ ದಿಮ್ಮಿಗಳ ನಡುವಿನಿಂದ.

ಎದುರು ದಡದಿಂದ ಹೊಗೆ ಕಂಡು ರೇಯ್ನೊ ಬಂದಾಗ ತಲೆಗೆ ಟೋಪಿ ಇರಲಿಲ್ಲ, ಕೈಯಲ್ಲಿ ಬಕೆಟ್ಟಿತ್ತು.

"ಹಿಲ್ಕಾ ಒಳಗಿದ್ದಾಳಾ?"

"ಇಲ್ಲ."

"ಮತ್ತೆ ಏನು ಸುಡ್ತಿದೆ?"

"ಏನೂ ಇಲ್ಲ. ಸೌನಾ ಕಾಯಿಸ್ತಿದೀನಿ."

"ಗುರುವಾರ?"

ಒಳಗೆ ಮೋಟಾರು ಮೂರು ಸಲ ಕೆಮ್ಮಿ ನಿಂತಿತು.

"ನಿನ್ನ ಸೌನಾಗೆ ನೆಗಡಿ ಆಗಿದೆ ಕಣೋ," ಎಂದ ರೇಯ್ನೊ, ಬಕೆಟ್ಟು ಕೆಳಗಿಟ್ಟು.

ಓಯ್ವನ ಕಣ್ಣು ದಡದ ಕಡೆ ಹೋಯಿತು. ಈಗಷ್ಟೇ ಅಲ್ಲಿಗೆ ಬಂದು ನಿಂತ ರೇಯ್ನೊನ ದೋಣಿಯ ಹಿಂದೆ ಟಾರ್ಪಾಲಿನ ಗುಡ್ಡೆ. ಪಕ್ಕದಲ್ಲಿ ನೀರು ತೊಟ್ಟಿಕ್ಕುವ ಎರಡು ಹುಟ್ಟು.

"ಹುಟ್ಟು ಹಾಕ್ಕೊಂಡು ಬಂದ್ಯಾ?"

"ವ್ಯಾಯಾಮ."

"ಬೆಂಕಿ ಆರಿಸೋಕೆ ಬರೋವಾಗ ವ್ಯಾಯಾಮ ಮಾಡ್ತಾರಾ ಮಾರಾಯ?"

ಓಯ್ವ ನಡೆದುಹೋಗಿ ಟಾರ್ಪಾಲು ಎಳೆದ. ಕೆಳಗೆ ಆಲೂಗಡ್ಡೆ ಬೇಯಿಸುವ ಪಾತ್ರೆ ಕವುಚಿ ಕೂತಿತ್ತು.

"ಮಂಗಳವಾರ ತೆಗೆದೆ," ಎಂದ ರೇಯ್ನೊ. "ಆವತ್ತಿಂದ ಆಲೂಗಡ್ಡೆ ತಿಂದಿಲ್ಲ."

"ನಾನು ಇವತ್ತು ತೆಗೆದೆ. ಅಂದ್ರೆ ನಾನು ಗೆದ್ದೆ."

ಅಷ್ಟರಲ್ಲಿ ಹಿಲ್ಕಾ ಬಂದಳು. ಸೌನಾದ ಬಾಗಿಲು ತೆರೆದಳು, ಸ್ವಲ್ಪ ಹೊತ್ತು ನಿಂತಳು, ಮುಚ್ಚಿದಳು. ಹಲಗೆಗಳೆಲ್ಲ ಎಣ್ಣೆಯಲ್ಲಿ ಮಿರುಗುತ್ತಿದ್ದವು.

"ಗೆದ್ದಿದೀಯ, ಸಂತೋಷ," ಎಂದಳು. "ಶನಿವಾರ ಸ್ನಾನ ಎಲ್ಲಿ?"

ಹಲಗೆ ಬದಲಾಯಿಸುವಷ್ಟರಲ್ಲಿ ಕ್ರಿಸ್‌ಮಸ್ ಬರುತ್ತದೆ. ಅಷ್ಟು ಶನಿವಾರ ಸೌನಾ ಇಲ್ಲದೆ ಕಳೆದವರು ಆ ದಡದಲ್ಲಿ ಯಾರೂ ಇಲ್ಲ.

"ನಮ್ಮಲ್ಲಿ ನಾಲ್ಕು ಗಂಟೆಗೆ ಕಾದಿರುತ್ತೆ," ಎಂದ ರೇಯ್ನೊ. "ಹಿಲ್ಕಾ, ನೀನು ಟವೆಲ್ ತಗೊಂಡು ಬಾ."

"ನಾನು?" ಎಂದ ಓಯ್ವ.

"ನೀನು ಮೊದಲು ಅಂಗಡೀಲಿ ಹೇಳು. ಯಾರು ಮೊದಲು ತೆಗೆದದ್ದು ಅಂತ."

ಶುಕ್ರವಾರ ಬೆಳಗ್ಗೆ ಅಂಗಡಿಯಲ್ಲಿ ಆರು ಜನ ನಿಂತೇ ಕಾಫಿ ಕುಡಿಯುತ್ತಿದ್ದರು. ಓಯ್ವ ಬಾಗಿಲ ಪಕ್ಕದ ಕುರ್ಚಿ ಎಳೆದುಕೊಂಡು, ಎರಡು ಸಕ್ಕರೆ ಅಚ್ಚು ಹಾಕಿ ಕಲಕಿ, ತಾನು ಸೋಮವಾರವೇ ಮೋಟಾರು ತೆಗೆದೆ ಎಂದು ತಿಳಿಸಿದ.

"ನಂಗೆ ಭಾನುವಾರ ಅನ್ನಿಸ್ತು," ಎಂದ ರೇಯ್ನೊ, ಒಲೆಯ ಕಡೆ ಕಾಲು ಚಾಚಿ.

ಓಯ್ವ ಕೋಟಿನ ಕಾಲರ್ ಏರಿಸಿದ. "ಸರಿ, ಭಾನುವಾರ," ಎಂದ. "ನಿನ್ನ ಸೌನಾದಲ್ಲಿ ಹಲಗೆ ಮೇಲಿಂದು ಬೇಕು ನಂಗೆ, ಬಿಸಿ ಇರೋದು, ಕೆಳಗಿಂದಲ್ಲ."